ಆರ್ಡರ್ ಬರೋ ತನಕ: ಒಂದು ಆಪ್ತಸಲಹೆ ಪ್ರಕರಣ

(ಸಲಹೆಗೆ ಬಂದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬೀದರ್ ಜಿಲ್ಲೆಯ ಹಳ್ಳಿಯೊಂದರ ಮೆಥೋಡಿಸ್ಟ್ ಕುಟುಂಬದ ಯುವಕ, ಮೂವತ್ತು ದಾಟಿದೆ. ಬಿ.ಎಡ್. ಮುಗಿಸಿ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿ, ಶಿಕ್ಷಕರ ನೇಮಕಾತಿ ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಪಟ್ಟಿ ಕೋರ್ಟಿನ ತಕರಾರಿಗೆ ಸಿಕ್ಕು ನಿಂತಿತು. ಇವರೂ ನಿಂತುಬಿಟ್ಟರು. ಖಾಸಗಿ ಶಾಲೆಯವರು ಕರೆದರೂ ಹೋಗಲಿಲ್ಲ, ಕನ್ಯೆ ನೋಡುವುದನ್ನು ಮುಂದೂಡಿದರು, ರವಿವಾರದ ಆರಾಧನೆಯನ್ನೂ ಬಿಟ್ಟರು. "ಚರ್ಚಿನಾಗ ಎಲ್ಲರೂ ಆರ್ಡರ್ ಬಂತೇನಂತ ಕೇಳ್ತಾರ್ರಿ." ನನ್ನೆದುರು ಕೂತಾಗಲೂ ಸರ್ಟಿಫಿಕೇಟಿನ ಪ್ಲಾಸ್ಟಿಕ್ ಫೈಲು ತೊಡೆಯ ಮೇಲಿತ್ತು, ಹೆಬ್ಬೆರಳು ತಾನಾಗಿ ಮೊಬೈಲ್ ಪರದೆಯನ್ನು ಕೆಳಕ್ಕೆಳೆದು ನೋಡುತ್ತಲೇ ಇತ್ತು.

"ಸಣ್ಣ ಕೆಲಸ ಹಿಡದ್ರ ದೇವರ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗ್ತದಲ್ರಿ?" ಅಂದರು. ಸಂಕಟದ ಬೇರು ಇಲ್ಲಿತ್ತು.

ಅವರ ಮನೆಯ ಕ್ಯಾಲೆಂಡರಿನಲ್ಲಿ ಬೈಬಲಿನ ಯೆರೆಮೀಯ 29ರ 11ನೇ ವಚನವಿದೆ. ದೇವರು ನಮ್ಮ ಹಿತವನ್ನೇ ಯೋಚಿಸಿದ್ದಾನೆ, ನಿರೀಕ್ಷೆ ಕೊಡುತ್ತಾನೆ ಎಂಬ ಮಾತು. ನಾನು ಬೈಬಲ್ ಕೊಟ್ಟು 5ನೇ ವಚನದಿಂದ ಓದಿಸಿದೆ. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಉಣ್ಣಿ, ಮದುವೆಯಾಗಿ, ನೀವಿರುವ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥಿಸಿ. 70 ವರ್ಷದ ಮೇಲೆ ಬಿಡುಗಡೆ ಎಂಬುದು 10ನೇ ವಚನದಲ್ಲಿ. ಕ್ಯಾಲೆಂಡರಿನ ವಚನ ಅದರ ಬೆನ್ನಿಗೆ. ಆ ಪತ್ರ ಕೇಳಿದ ಹಿರಿಯರಲ್ಲಿ ಎಷ್ಟೋ ಜನರ ಆಯುಷ್ಯ ಸೆರೆಯಲ್ಲೇ ಮುಗಿದಿರಬೇಕು. ಅವರಿಗೂ ಹೇಳಿದ್ದು ಮನೆ ಕಟ್ಟಿಕೊಳ್ಳಿ ಎಂದೇ. ಒಂದು ವಚನವನ್ನಷ್ಟೇ ಕತ್ತರಿಸಿ ಗೋಡೆಗೆ ಹಚ್ಚುವುದರಿಂದ ನಮ್ಮ ಹುಡುಗರಿಗೆ ಎಷ್ಟು ಭಾರವಾಗುತ್ತದೆಂದು ಸಭಾಪಾಲಕರೂ ಯೋಚಿಸಬೇಕು.

"ತೊಗರಿ ಬಿತ್ತಿದ ಮ್ಯಾಲ ರಾಶಿ ತನಕ ಸುಮ್ನ ಕೂಡ್ತೀರೇನ್ರಿ?" ಎಂದು ಕೇಳಿದೆ.

"ಇಲ್ರಿ. ಎಡಿ ಹೊಡಿಬೇಕು, ಕಳೆ ತೆಗಿಬೇಕು, ಕಾಯಿಕೊರಕಕ್ಕ ಎಣ್ಣಿ ಹೊಡಿಬೇಕು."

"ಮಳಿ?"

"ಅದು ನಮ್ಮ ಕೈಯಾಗಿಲ್ಲರಿ." ಹೇಳಿ ತಾವೇ ನಕ್ಕರು.

ಹೇಳಿದ ಸಲಹೆ ಇಷ್ಟು. ನೇಮಕಾತಿ ಸುದ್ದಿಯನ್ನು ದಿನಕ್ಕೊಮ್ಮೆ, ಸಂಜೆ ಮಾತ್ರ ನೋಡಿ. ಮಲಗುವ ಕೋಣೆಗೆ ಮೊಬೈಲ್ ಬೇಡ. ಶಾಲೆಯ ಕೆಲಸಕ್ಕೆ ಹೋಗಿ, ಆರ್ಡರ್ ಬಂದರೆ ಬಿಡುತ್ತೇನೆಂದು ಮೊದಲೇ ಹೇಳಿಬಿಡಿ. ಕನ್ಯೆಯ ಮನೆಯವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪ್ರಾರ್ಥನೆಯಲ್ಲಿ ಸಿಟ್ಟನ್ನು ಮುಚ್ಚಿಡಬೇಡಿ: 13ನೇ ಕೀರ್ತನೆ "ಎಷ್ಟರ ತನಕ" ಎಂದು ದೇವರನ್ನೇ ಮೇಲಿಂದ ಮೇಲೆ ಕೇಳುತ್ತದೆ, ಅದನ್ನು ಬಾಯಿಬಿಟ್ಟು ಓದಿ. ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರಂತೂ ಆ ಕ್ಷಣವೇ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಆರ್ಡರ್ ಇನ್ನೂ ಬಂದಿಲ್ಲ. ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಾರೆ, ಭಾಗಾಕಾರ ಬಾರದ ನಾಲ್ಕು ಮಕ್ಕಳನ್ನು ಸಂಜೆ ಕೂರಿಸಿಕೊಳ್ಳುತ್ತಾರೆ. ಆರಾಧನೆಗೆ ಹೋಗುತ್ತಾರೆ. ಬೇಸರ ಪೂರ್ತಿ ಹೋಗಿಲ್ಲ, ಹೋಗಬೇಕೆಂದೂ ನಾನು ಹೇಳಿಲ್ಲ.

ಕಳೆದ ಸಲ ಮಾತಿನ ನಡುವೆ ತಿಳಿಯಿತು, ಮಗನ ನೌಕರಿಗಾಗಿ ಅವರ ಅವ್ವ ಶುಕ್ರವಾರ ಉಪವಾಸವಿದ್ದು, ಬರೀ ಹೊಟ್ಟೆಯಲ್ಲೇ ಶುಗರ್ ಗುಳಿಗೆ ನುಂಗುತ್ತಾರೆಂದು. ಶುಗರ್ ಒಮ್ಮೆಗೇ ಇಳಿಯುವ ಅಪಾಯವಿದೆ. ಮೊದಲು ಡಾಕ್ಟರ್ ಹತ್ತಿರ ಕರೆದೊಯ್ಯಿರಿ, ಮುಂದಿನ ಸಲ ಅವ್ವನನ್ನೂ ಕರೆತನ್ನಿ ಎಂದಿದ್ದೇನೆ.