ಇಷ್ಟದ ಸೈಕಲ್ಲಿಗೆ ಅಂಥದ್ದೇ ಇನ್ನೊಂದು ಸ್ಟೆಪ್ನಿ ಇಟ್ಟುಕೊಳ್ಳಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನನ್ನದೇ ಹುಚ್ಚನ್ನು ಕನ್ನಡಿಯಲ್ಲಿ ನೋಡಿದ ಹಾಗಾಯಿತು. ಎಂಟು ವರ್ಷದಿಂದ ಓಡಿಸುತ್ತಿರುವ ಸೈಕಲ್ಲು, ಆ ಮಾಡೆಲ್ ಈಗ ಬರುತ್ತಿಲ್ಲ, ಯಾರೋ ಅದೇ ಮಾಡೆಲ್ಲು ಅದೇ ಸೈಜಿನದು ಮಾರಾಟಕ್ಕಿಟ್ಟಿದ್ದಾರೆ. ಇರುವುದು ಚೆನ್ನಾಗಿಯೇ ಓಡುತ್ತಿರುವಾಗ ಇನ್ನೊಂದು ತಂದಿಟ್ಟುಕೊಳ್ಳುವುದು ಹುಚ್ಚುತನವಾ ಅಂತ ಕೇಳಿದ್ದೀರಿ.

ಹುಚ್ಚುತನ ಏನಲ್ಲ, ತಗೊಳ್ಳಿ. ಆದರೆ ತಗೊಂಡ ಮೇಲೆ ನಾನು ಮಾಡಿದ ಹಾಗೆ ಮಾಡಬೇಡಿ.

ನನ್ನದು ಅಲ್ಯುಮಿನಿಯಂ ಫ್ರೇಮಿನ, ಹಿಂದೆ ಒಂಬತ್ತು ಗೇರಿನ, ಸಾದಾ ರಿಮ್ ಬ್ರೇಕಿನ ಸೈಕಲ್ಲು. ನೋಡೋದಕ್ಕೆ ಏನೂ ವಿಶೇಷ ಇಲ್ಲ. ಆದರೆ ಹತ್ತಿ ಕೂತರೆ ಕೈ, ಸೊಂಟ, ಮಂಡಿ ಎಲ್ಲವೂ ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತಿದ್ದವು. ಮೂರು ಗಂಟೆ ತುಳಿದು ಇಳಿದರೂ ಕುತ್ತಿಗೆ ಹಿಡಿಯುತ್ತಿರಲಿಲ್ಲ. ನಾಲ್ಕನೇ ವರ್ಷಕ್ಕೆ ಆ ಮಾಡೆಲ್ ನಿಂತುಹೋಯಿತು. ಅದರ ಜಾಗದಲ್ಲಿ ಬಂದ ಹೊಸದಕ್ಕೆ ಡಿಸ್ಕ್ ಬ್ರೇಕು, ಥ್ರೂ ಆಕ್ಸಲ್ಲು (ಗಾಲಿಯ ನಡುವೆ ತೂರಿಸುವ ದಪ್ಪ ಅಚ್ಚು), ಕೇಬಲ್‌ಗಳೆಲ್ಲ ಫ್ರೇಮಿನ ಹೊಟ್ಟೆಯೊಳಗೆ. ನನ್ನ ಹಳೆಯ ಗಾಲಿಗಳು ಅದಕ್ಕೆ ಕೂರುವ ಹಾಗೇ ಇರಲಿಲ್ಲ. ನನಗೆ ದಿಗಿಲಾಯಿತು. ಇದಕ್ಕೆ ಏನಾದರೂ ಆದರೆ? ಆಗಲೇ ಒಬ್ಬರು ಅದೇ ಮಾಡೆಲ್ಲು, ಅದೇ ಬಣ್ಣದ್ದು, ಎರಡು ವರ್ಷ ಈಚಿನದು ಮಾರುತ್ತಿದ್ದರು. ಹಿಂದೆ ಮುಂದೆ ನೋಡದೆ ತಂದೆ. ಒರೆಸಿ, ಗಾಳಿ ಹೊಡೆದು, ರೂಮಿನ ಗೋಡೆಗೆ ಕೊಕ್ಕೆ ಹೊಡೆದು ನೇತುಹಾಕಿದೆ. ಮನೆಯವರು ಅದಕ್ಕೆ 'ಸ್ಟೆಪ್ನಿ' ಅಂತ ಹೆಸರಿಟ್ಟರು. ಐದು ವರ್ಷ ಅದು ಹಾಗೇ ನೇತಾಡಿಕೊಂಡಿತ್ತು.

ಹಾಗೇ ಅಂದರೆ ಪೂರ್ತಿ ಹಾಗೇ ಅಲ್ಲ. ಒಂದು ದಿನ ನನ್ನ ಸೈಕಲ್ಲಿನ ಹಿಂದಿನ ಗಾಲಿಯ ಎರಡು ಕಡ್ಡಿ ಮುರಿದವು. ಮರುದಿನ ಬೆಳಿಗ್ಗೆಯೇ ಹೊರಡಬೇಕಿತ್ತು. ಸ್ಟೆಪ್ನಿಯ ಹಿಂದಿನ ಗಾಲಿ ಬಿಚ್ಚಿ ಹಾಕಿಕೊಂಡೆ. ಬರೀ ಒಂದು ವಾರಕ್ಕೆ ಅಂದುಕೊಂಡಿದ್ದು. ಆಮೇಲೆ ಸೀಟು ಹರಿಯಿತು, ಅದರ ಸೀಟು ಬಂತು. ಆಮೇಲೆ ಒಂದು ಪೆಡಲ್ಲಿನ ಬಾಲ್ಸು ಹೋದವು, ಪೆಡಲ್ ಜೋಡಿಯೂ ಇಳಿಯಿತು. ಪ್ರತಿ ಸಲವೂ 'ವಾಪಸ್ ಹಾಕೋಣ' ಅನ್ನುವುದು, ಮರೆಯುವುದು. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅಂತಾರಲ್ಲ, ಆ ಥರ. ಗೋಡೆಯ ಮೇಲೆ ಇದ್ದಿದ್ದು ಸೈಕಲ್ಲಿನ ಆಕಾರ ಮಾತ್ರ.

ಇನ್ನು ನಿಜವಾಗಿ ಸ್ಟೆಪ್ನಿ ಬೇಕಾದ ದಿನದ ಕಥೆ ಕೇಳಿ. ನನ್ನ ಸೈಕಲ್ಲು ಜೋರಾಗಿ ತುಳಿದಾಗಲೆಲ್ಲ 'ಕಿರ್ರ್' ಅನ್ನಲು ಶುರುಮಾಡಿತು. ಎಡಗಾಲು ತುಳಿದಾಗ ಒಂದು ಸಲ, ಬಲಗಾಲು ತುಳಿದಾಗ ಇಲ್ಲ. ಪೆಡಲ್ ಬಿಚ್ಚಿ ಗ್ರೀಸು ಹಚ್ಚಿದೆ. ಹೋಗಲಿಲ್ಲ. ಸೀಟ್ ಪೋಸ್ಟ್ ತೆಗೆದು ಒರೆಸಿ ಹಾಕಿದೆ. ಹೋಗಲಿಲ್ಲ. ಕ್ರ್ಯಾಂಕು (ಪೆಡಲ್ ಕೂರುವ ತೋಳು) ಸುತ್ತುವ ಬೇರಿಂಗು, ಅಂದರೆ ಬಾಟಮ್ ಬ್ರಾಕೆಟ್ಟೇ ಹೊಸದು ಹಾಕಿಸಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಕಿರ್ರ್. ಕೊನೆಗೆ ಒಂದು ಸಂಜೆ ತಲೆಕೆಳಗು ನಿಲ್ಲಿಸಿ ಬಟ್ಟೆಯಿಂದ ಒರೆಸುತ್ತಿದ್ದಾಗ, ಕ್ರ್ಯಾಂಕಿನ ಹಿಂದೆ, ಚೈನ್ ಪಕ್ಕದ ಕೊಳವೆ ಬಂದು ವೆಲ್ಡ್ ಆಗಿರುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಕೊಳೆ ಅಂದುಕೊಂಡು ಉಜ್ಜಿದೆ. ಹೋಗಲಿಲ್ಲ. ಉಗುರು ಆಡಿಸಿದೆ, ಉಗುರು ಸಿಕ್ಕಿಹಾಕಿಕೊಂಡಿತು. ಅಷ್ಟೇ. ಬಣ್ಣದ ಮೇಲಿನ ಸಣ್ಣ ಗೀರಾದರೆ ಸಾಮಾನ್ಯವಾಗಿ ಹೀಗೆ ಉಗುರನ್ನು ತಡೆದು ನಿಲ್ಲಿಸೋದಿಲ್ಲ. ಫ್ರೇಮೇ ಸೀಳಿತ್ತು.

ಅಲ್ಯುಮಿನಿಯಂ ಫ್ರೇಮು ಹೀಗೆ ಹೋಗುವುದು ಅಪರೂಪವೇನಲ್ಲ. ಉಕ್ಕಿಗೆ ಒಂದು ಮಿತಿ ಇದೆ. ಅದರೊಳಗಿನ ಒತ್ತಡವನ್ನು ಎಷ್ಟು ಲಕ್ಷ ಸಲ ಕೊಟ್ಟರೂ ತಡೆದುಕೊಳ್ಳುತ್ತದೆ. ಅಲ್ಯುಮಿನಿಯಂಗೆ ಆ ಥರದ ಮಿತಿ ಇಲ್ಲ. ಸಣ್ಣ ಸಣ್ಣ ಕುಲುಕಾಟವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ತಂತಿಯನ್ನು ಆಕಡೆ ಈಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ನಿಧಾನವಾಗಿ ವರ್ಷಗಟ್ಟಲೆ ನಡೆದ ಹಾಗೆ. ಹಾಗಂತ ಎಲ್ಲ ಅಲ್ಯುಮಿನಿಯಂ ಸೈಕಲ್ಲೂ ಹತ್ತು ವರ್ಷಕ್ಕೆ ಮುರಿಯುತ್ತೆ ಅಂತಲ್ಲ, ದಪ್ಪ ಕೊಳವೆ ಹಾಕಿ ಚೆನ್ನಾಗಿ ಮಾಡಿದವು ತುಂಬಾ ಕಾಲ ಬರುತ್ತವೆ. ನಾನು ಜಾಸ್ತಿ ಭಾರ ಹೇರಿಕೊಂಡು ಓಡಾಡಿದವನು.

ಸರಿ, ಇದಕ್ಕೇ ಅಲ್ವಾ ಸ್ಟೆಪ್ನಿ ಇಟ್ಟಿದ್ದು ಅಂತ ಗೋಡೆಯಿಂದ ಇಳಿಸಿದೆ. ಗಾಲಿ, ಸೀಟು, ಪೆಡಲ್ಲು ಮುರಿದ ಸೈಕಲ್ಲಿನಿಂದ ವಾಪಸ್ ಬಂದವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಂದಿನ ಟೈರಿಗೆ ಗಾಳಿ ಹೊಡೆದರೆ ಪಕ್ಕದಲ್ಲಿ ಬಿರುಕುಗಳು ಬಾಯಿಬಿಟ್ಟವು. ಬ್ರೇಕ್ ರಬ್ಬರು ಕಲ್ಲಾಗಿತ್ತು, ರಿಮ್ಮಿನ ಮೇಲೆ ಜಾರುತ್ತಿತ್ತು. ಗೇರಿನ ಲಿವರ್ ಒತ್ತಿದರೆ ಒಳಗೆ ಏನೂ ಕಚ್ಚಿಕೊಳ್ಳುತ್ತಿರಲಿಲ್ಲ, ಸುಮ್ನೆ ಆಡುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಗ್ರೀಸು ಅಂಟಿನಂತಾಗಿ ಹಲ್ಲುಗಳನ್ನು ಹಿಡಿದುಕೊಂಡಿತ್ತು. ಹಳೆಯ ಲಿವರ್‌ಗಳಲ್ಲಿ ಇದು ಮಾಮೂಲು. ಕ್ಲೀನಿಂಗ್ ಸ್ಪ್ರೇ ಹೊಡೆದು ನೂರಾರು ಸಲ ಒತ್ತಿ ಒತ್ತಿ ಹೆಬ್ಬೆರಳು ನೋಯಿಸಿಕೊಂಡ ಮೇಲೆ 'ಟಕ್' ಅಂತು. ಎಲ್ಲ ಸೇರಿ ಓಡುವ ಸ್ಥಿತಿಗೆ ತರಲು ಎರಡು ವಾರ ಹಿಡಿಯಿತು. ಆ ಎರಡು ವಾರ ನಡೆದುಕೊಂಡು ಓಡಾಡಿದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ.

ಇದರಿಂದ ನನಗೆ ಅರ್ಥವಾಗಿದ್ದು ಇಷ್ಟು. ಫ್ರೇಮು ಕಾಯುತ್ತದೆ. ನೇತುಹಾಕಿದ ಫ್ರೇಮಿಗೆ ಕುಲುಕಾಟವಿಲ್ಲ, ಒಣಗಿದ ಜಾಗದಲ್ಲಿದ್ದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಉಕ್ಕಿನದಾದರೆ ಕೊಳವೆಯ ಒಳಗೆ ಸ್ವಲ್ಪ ಎಣ್ಣೆ ಸಿಂಪಡಿಸಿಡಬೇಕು, ತುಕ್ಕು ಒಳಗಿನಿಂದ ಶುರುವಾಗುತ್ತದೆ. ಆದರೆ ರಬ್ಬರು, ಗ್ರೀಸು, ಎಣ್ಣೆ ಕಾಯುವುದಿಲ್ಲ. ನೀವು ಓಡಿಸಿ, ಬಿಡಿ, ಅವುಗಳ ವಯಸ್ಸು ಓಡುತ್ತಲೇ ಇರುತ್ತದೆ. ಅದರಲ್ಲೂ ಮೋಟರ್ ಓಡುವ ಜಾಗದ ಪಕ್ಕ ಟೈರು ಇಡಲೇಬೇಡಿ. ಅಲ್ಲಿ ಹುಟ್ಟುವ ಓಜೋನ್ ರಬ್ಬರನ್ನು ಬೇಗ ಬಿರಿಸುತ್ತದೆ. ಟ್ಯೂಬ್‌ಲೆಸ್ ಟೈರಾದರೆ ಒಳಗಿನ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿಗೆ ಡಾಟ್ (DOT) ಅನ್ನುವ ಥರದ ಎಣ್ಣೆ ಹಾಕಿದ್ದರೆ ಅದು ಗಾಳಿಯ ತೇವ ಹೀರುತ್ತದೆ. ಮಿನರಲ್ ಎಣ್ಣೆಯದಕ್ಕೆ ಆ ಕಾಟ ಇಲ್ಲ.

ಹಾಗಾಗಿ ಎರಡೇ ದಾರಿ. ಒಂದು, ಬರೀ ಫ್ರೇಮು ಮತ್ತು ಮುಂದಿನ ಗಾಲಿ ಹಿಡಿಯುವ ಫೋರ್ಕು ಇಟ್ಟುಕೊಳ್ಳಿ, ಉಳಿದದ್ದನ್ನು ಬೇಕಾದಾಗ ಹಳೆಯದರಿಂದ ಇದಕ್ಕೆ ಹಾಕಿಸಿ. ಇನ್ನೊಂದು, ಪೂರ್ತಿ ಸೈಕಲ್ಲೇ ಇಟ್ಟುಕೊಂಡು ತಿಂಗಳಲ್ಲಿ ಒಂದು ವಾರ ಅದನ್ನೇ ಓಡಿಸಿ. ನಾನಾಗಿದ್ದರೆ ಎರಡನೆಯದು. ಓಡಿಸುವ ಸೈಕಲ್ಲಿನಿಂದ ಪಾರ್ಟು ಕದಿಯಲು ಮನಸ್ಸೂ ಬರುವುದಿಲ್ಲ.

ಇನ್ನು 'ಅದೇ ಮಾಡೆಲ್ಲು' ಅನ್ನುವ ಮಾತು. ಇದನ್ನು ನಂಬಬೇಡಿ. ಹೆಸರು ಒಂದೇ ಇಟ್ಟುಕೊಂಡು ವರ್ಷ ವರ್ಷ ಒಂದಲ್ಲ ಒಂದು ಬದಲಾಯಿಸುವುದು ಸೈಕಲ್ ಮಾಡುವವರ ಅಭ್ಯಾಸ. ನನ್ನ ಸ್ಟೆಪ್ನಿಯನ್ನು ಮೊದಲ ಸಲ ದೂರ ಓಡಿಸಿದಾಗ ಮಂಡಿ ಹಿಡಿಯಿತು. ಸೀಟಿನ ಎತ್ತರ ಅಳೆದೆ, ಹ್ಯಾಂಡಲ್ಲಿನ ದೂರ ಅಳೆದೆ, ಎಲ್ಲ ಹಳೆಯದರಷ್ಟೇ ಇತ್ತು. ನನಗೆ ವಯಸ್ಸಾಯಿತು ಅಂತ ಒಪ್ಪಿಕೊಂಡೂ ಬಿಟ್ಟಿದ್ದೆ. ಒಂದು ದಿನ ಪೆಡಲ್ ಬಿಚ್ಚುವಾಗ ಕ್ರ್ಯಾಂಕಿನ ಹಿಂಬದಿಯಲ್ಲಿ, ಪೆಡಲ್ ಕೂರುವ ತೂತಿನ ಹತ್ತಿರ 175 ಅಂತ ಕೆತ್ತಿದ್ದು ಕಂಡಿತು. ಹಳೆಯದರ ಕ್ರ್ಯಾಂಕು ನೋಡಿದರೆ 170. ಐದೇ ಮಿಲಿಮೀಟರು. ಆದರೆ ಪ್ರತಿ ಸುತ್ತಿಗೂ ಕಾಲು ಐದು ಮಿ.ಮೀ. ಮೇಲೆ ಹೋಗಬೇಕು, ಐದು ಮಿ.ಮೀ. ಕೆಳಗೂ ಇಳಿಯಬೇಕು. ಮಂಡಿಗೆ ಅದು ಗೊತ್ತಾಗುತ್ತೆ. ಹಳೆಯ ಕ್ರ್ಯಾಂಕು ಹಾಕಿಸಿದೆ, ವಾರದಲ್ಲಿ ನೋವು ಹೋಯಿತು.

ಅದಕ್ಕೇ ಹೇಳುವುದು, ನೀವು ಇಷ್ಟಪಡುತ್ತಿರುವುದು ಮಾಡೆಲ್ಲನ್ನೋ, ಅದರ ಅಳತೆಯನ್ನೋ ಅಂತ ಮೊದಲು ಕೇಳಿಕೊಳ್ಳಿ. ಇವತ್ತೇ ಟೇಪು ಹಿಡಿದು ಬರೆದಿಟ್ಟುಕೊಳ್ಳಿ: ಕ್ರ್ಯಾಂಕಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು, ಸೀಟಿನ ಮೂಗಿನಿಂದ ಹ್ಯಾಂಡಲ್ಲಿಗೆ ಎಷ್ಟು, ಸೀಟಿಗಿಂತ ಹ್ಯಾಂಡಲ್ಲು ಎಷ್ಟು ಕೆಳಗೆ, ಕ್ರ್ಯಾಂಕು ಎಷ್ಟು ಉದ್ದ. ಈ ನಾಲ್ಕು ಅಂಕಿ ಕೈಯಲ್ಲಿದ್ದರೆ ಬೇರೆ ಮಾಡೆಲ್ಲನ್ನೂ ಮುಕ್ಕಾಲು ಪಾಲು ನಿಮ್ಮದರ ಹಾಗೆ ಕೂರಿಸಬಹುದು. ದೊಡ್ಡ ರೇಸುಗಳಲ್ಲಿ ತಂಡದ ಕಾರಿನ ಮೇಲೆ ಸಾಲಾಗಿ ಸೈಕಲ್ ನಿಲ್ಲಿಸಿಕೊಂಡು ಬರುತ್ತಾರಲ್ಲ, ಅವೂ ಹೀಗೆ ಮಿಲಿಮೀಟರ್ ಲೆಕ್ಕದಲ್ಲಿ ಆಯಾ ಸವಾರನ ಅಳತೆಗೆ ಕೂರಿಸಿದವೇ.

ಹಿಂದೆ ಆ ಸೌಕರ್ಯ ಇರಲಿಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯುಜೀನ್ ಕ್ರಿಸ್ತೋಫ್ ಅನ್ನುವ ಸವಾರ ಟೂರ್ಮಲೆ ಬೆಟ್ಟ ಇಳಿಯುವಾಗ ಫೋರ್ಕು ಮುರಿಯಿತು. ಬೇರೆ ಸೈಕಲ್ ತಗೊಳ್ಳುವ ಹಾಗಿಲ್ಲ, ಬೇರೆಯವರ ಕೈ ಸಹಾಯವೂ ಇಲ್ಲ. ಸೈಕಲ್ ಹೊತ್ತುಕೊಂಡು ಮೈಲಿಗಟ್ಟಲೆ ನಡೆದು, ಕೆಳಗಿನ ಊರಿನ ಕಮ್ಮಾರನ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಫೋರ್ಕು ಬೆಸೆದ. ತಿದಿ ಒತ್ತಲು ಒಬ್ಬ ಹುಡುಗ ಕೈಹಾಕಿದ್ದಕ್ಕೆ ಕ್ರಿಸ್ತೋಫನ ಸಮಯಕ್ಕೆ ದಂಡ ಬೇರೆ ಹಾಕಿದರು! ನಾನು ಎರಡು ವಾರ ನಡೆದಾಗ ಆಗಾಗ ಅವನ ನೆನಪು ಮಾಡಿಕೊಳ್ಳುತ್ತಿದ್ದೆ.

ಸೈಕಲ್ಲು ತಗೊಳ್ಳುವ ಮೊದಲು ಇನ್ನೊಂದು ಸಣ್ಣ ಕೆಲಸ ಮಾಡಿ. ಗೇರ್ ಹ್ಯಾಂಗರ್ ಎರಡು ತಗೊಂಡಿಡಿ. ಗೇರ್ ಬದಲಾಯಿಸುವ ಹಿಂದಿನ ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿರುವ ಬೆರಳುದ್ದದ ತುಂಡು ಅದು. ಸೈಕಲ್ಲು ಬಿದ್ದರೆ ಫ್ರೇಮಿನ ಬದಲು ತಾನು ಬಗ್ಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಹಳೆಯ ಮಾಡೆಲ್ಲುಗಳಲ್ಲಿ ಹೆಚ್ಚಾಗಿ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಒಂದರದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಚೈನು, ಟೈರು, ಬ್ರೇಕ್ ರಬ್ಬರು ಎಲ್ಲೂ ಸಿಗುತ್ತವೆ. ನಿಂತುಹೋದ ಮಾಡೆಲ್ಲಿನ ಹ್ಯಾಂಗರ್ ಹುಡುಕುವುದು ಮಾತ್ರ ಸಾಕುಸಾಕಾಗಿಸುತ್ತದೆ. ನಾನು ಜಾಣನ ಹಾಗೆ ಹಳೆಯ ಸೈಕಲ್ಲಿಗೆ ಎರಡು ಹ್ಯಾಂಗರ್ ತಂದಿಟ್ಟಿದ್ದೆ. ಸ್ಟೆಪ್ನಿಗೆ ಹಿಡಿದು ನೋಡಿದರೆ ಸ್ಕ್ರೂ ತೂತೇ ಬೇರೆ ಕಡೆ. ಎರಡು ವರ್ಷದ ಅಂತರದಲ್ಲಿ ಅದನ್ನೂ ಬದಲಾಯಿಸಿದ್ದರು. ಅವೆರಡೂ ಇನ್ನೂ ನನ್ನ ಡ್ರಾಯರಿನಲ್ಲಿವೆ.

ನೋಡಲು ಹೋದಾಗ ನಿಮ್ಮ ಹ್ಯಾಂಗರ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಅದಕ್ಕೆ ಹಿಡಿದು ನೋಡಿ. ಸೀಟ್ ಪೋಸ್ಟ್ ಸಲೀಸಾಗಿ ಮೇಲೆ ಕೆಳಗೆ ಆಡುತ್ತದಾ ನೋಡಿ, ಒಳಗೇ ಕಚ್ಚಿಕೊಂಡಿದ್ದರೆ ತೆಗೆಯುವುದು ದೊಡ್ಡ ಗೋಳು. ವೆಲ್ಡ್ ಇರುವ ಜಾಗಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ. ಉಗುರು ಆಡಿಸಿ. ಕ್ರ್ಯಾಂಕಿನ ಹಿಂದಿನ ನಂಬರು ಓದಿ. ಟೈರಿನ ಮೇಲೆ 622ರ ಥರದ ಅಂಕಿ ಇರುತ್ತದೆ, ಅದು ರಿಮ್ಮಿನ ನಿಜವಾದ ಅಳತೆ. 700ಸಿ, 29 ಇಂಚು ಅಂತ ಬೇರೆ ಬೇರೆ ಹೆಸರಿಟ್ಟರೂ ಎರಡೂ 622 ಮಿ.ಮೀ. ರಿಮ್ಮೇ. ನಿಮ್ಮದರಲ್ಲಿರುವ ಅಂಕಿಗೆ ಅದು ಸರಿಹೋಗಿ, ಟೈರಿನ ಅಗಲವೂ ಹೊಂದಿದರೆ ಟೈರು, ಟ್ಯೂಬು ಎರಡಕ್ಕೂ ಒಂದೇ ಸ್ಟಾಕು ಸಾಕು. ಬಾಟಮ್ ಬ್ರಾಕೆಟ್ ಕೆಳಗೆ ಕೆತ್ತಿರುವ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಕಳ್ಳತನದ ಭಯಕ್ಕೂ ಸ್ಟೆಪ್ನಿ ಬೇಕು ಅನ್ನುವುದಾದರೆ ಎರಡನ್ನೂ ಒಂದೇ ಸರಪಳಿಗೆ ಕಟ್ಟಿ ಒಂದೇ ಕಡೆ ನಿಲ್ಲಿಸಬೇಡಿ, ಹೋದರೆ ಜೋಡಿಯಾಗಿಯೇ ಹೋಗುತ್ತವೆ.

ನನ್ನ ಸೀಳಿದ ಫ್ರೇಮು ಈಗ ಅದೇ ಗೋಡೆಯ ಕೊಕ್ಕೆಯಲ್ಲಿದೆ. ಸ್ಟೆಪ್ನಿ ನನ್ನ ಸೈಕಲ್ಲಾಗಿ ಮೂರು ವರ್ಷವಾಯಿತು, ಹಳೆಯದರ ಕ್ರ್ಯಾಂಕು, ಗಂಟೆ ಎರಡೂ ಅದರ ಮೇಲಿವೆ. ಮನೆಯವರು ಮಾತ್ರ ಇನ್ನೂ ಅದನ್ನು ಸ್ಟೆಪ್ನಿ ಅಂತಲೇ ಕರೆಯುತ್ತಾರೆ. ಅದಕ್ಕೊಂದು ಫ್ರೇಮು ಸಿಕ್ಕರೆ ಅಂತ ನಾನೂ ಹುಡುಕುತ್ತಿದ್ದೇನೆ. ನೀವು ನೋಡಿ ಬಂದು ಬೇಡ ಅಂದುಕೊಂಡರೆ, ಅದು ಯಾವ ಮಾಡೆಲ್ಲು, ಯಾವ ಸೈಜು ಅಂತ ನನಗೊಂದು ಮಾತು ಹೇಳಿ.