ಜ್ವೊನಿಮಿರ್ ಎಂಬ ಹೆಸರಿನ ಪ್ರಸಿದ್ಧರು ಯಾರು?

ಕ್ರೊಯೇಷಿಯಾದ ಈ ಹಳೆಯ ಹೆಸರಿನಲ್ಲಿ ‘ಜ್ವೊನ್’ ಎಂದರೆ ನಾದ, ‘ಮಿರ್’ ಎಂದರೆ ಶಾಂತಿ.

ಮೊದಲು ಹೇಳಬೇಕಾದವನು 11ನೇ ಶತಮಾನದ ದೊರೆ ದ್ಮಿತಾರ್ ಜ್ವೊನಿಮಿರ್. ಸಂತ ಲೂಸಿಯ ಚರ್ಚಿಗೆ ಅವನು ಭೂಮಿ ಕೊಟ್ಟದ್ದನ್ನು ಕ್ರ್ಕ್ ದ್ವೀಪದ ಬಾಷ್ಕಾ ಶಾಸನ ಹೇಳುತ್ತದೆ. ಸುಣ್ಣಕಲ್ಲಿನ ಚಪ್ಪಡಿ, ಗ್ಲಾಗೊಲಿಟಿಕ್ ಎಂಬ, ಸ್ಲಾವ್ ಭಾಷೆಗಳ ಹಳೆಯ ಲಿಪಿ. ದಾನವನ್ನು ಅಲ್ಲಗಳೆದವರಿಗೆ ದೇವರ, ಹನ್ನೆರಡು ಅಪೊಸ್ತಲರ ಶಾಪ! ನಮ್ಮ ದಾನಶಾಸನಗಳ ಶಾಪವಾಕ್ಯಗಳನ್ನು ಓದಿದವರಿಗೆ ಇದು ಪರಿಚಿತ ದನಿ. ನನಗಂತೂ ಓದಿದಾಗಲೆಲ್ಲ ರೋಮಾಂಚನವಾಗುತ್ತದೆ.

ಫುಟ್‌ಬಾಲ್ ಪ್ರಿಯರಿಗೆ ಜ್ವೊನಿಮಿರ್ ಬೊಬಾನ್ ಗೊತ್ತು: 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಗೆದ್ದ ಕ್ರೊಯೇಷಿಯಾ ತಂಡದ ನಾಯಕ. ಅದೇ ತಂಡದಲ್ಲಿ ಜ್ವೊನಿಮಿರ್ ಸೋಲ್ಡೊ ಕೂಡ ಇದ್ದರು.

ಗಣಿತಜ್ಞ ಜ್ವೊನಿಮಿರ್ ಯಾಂಕೊ ಅವರನ್ನು ಮರೆಯಬಾರದು. 1,75,560 ಅಂಶಗಳಿರುವ, ಅವರದೇ ಹೆಸರಿನ ‘ಯಾಂಕೊ ಗ್ರೂಪ್’ ಎಂಬ ಬೀಜಗಣಿತದ ರಚನೆಯನ್ನು 1960ರ ದಶಕದಲ್ಲಿ ಕಂಡುಹಿಡಿದವರು ಅವರು.