ಬ್ರಿಟಿಷರ ಕಾಲದ ಕಳವಿನ ವರದಿ: ಸಾಮಾನಿನ ಪಟ್ಟಿ ನಂಬಿ, ಕಳ್ಳನ ಹೆಸರು ಬಂದಲ್ಲಿ ನಿಲ್ಲಿ

ನಿಮ್ಮ ಪ್ರಶ್ನೆ ಇಷ್ಟು. 1919ರ ಸುಮಾರಿಗೆ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಿಮ್ಮ ಮುತ್ತಜ್ಜನ ಮನೆಗೆ ಕನ್ನ ಹಾಕಿದ್ದರು, ಪೊಲೀಸರು ಬಂದು ಕಳ್ಳನ ಹೆಸರನ್ನೂ ಬರೆದುಕೊಂಡು ಹೋದರು ಎಂದು ಅಜ್ಜಿ ಹೇಳುತ್ತಾರೆ. ಆ ಕಾಲದ ವರದಿಯಲ್ಲಿ ಏನಿರುತ್ತಿತ್ತು, ಈಗ ಅದು ಸಿಗುತ್ತದಾ, ಸಿಕ್ಕರೆ ಎಷ್ಟು ನಂಬಬಹುದು?

ನಾನು ಇತಿಹಾಸದ ಮಾಸ್ತರನಲ್ಲ. ಕೋರ್ಟೊಂದರಲ್ಲಿ ಕಾರಕೂನನಾಗಿದ್ದೆ. ಕೊನೆಯ ಹನ್ನೊಂದು ವರ್ಷ ರೆಕಾರ್ಡ್ ರೂಮಿನಲ್ಲೇ ಕಳೆದೆ. ಧೂಳಿಗೆ ಸೀನುತ್ತಾ ಸೀನುತ್ತಾ ಹಳೆಯ ಕಾಗದ ಓದುವ ಚಟ ಹತ್ತಿತು. ಆ ಚಟದ ಮೇಲೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಳುವಾದ ಸಾಮಾನಿನ ಪಟ್ಟಿಯನ್ನು ಮುಕ್ಕಾಲು ಪಾಲು ನಂಬಿ. ಕಳ್ಳನ ಹೆಸರು ಬಂದಲ್ಲಿ ಬೆರಳಿಟ್ಟು ನಿಲ್ಲಿ.

ರಾಣೆಬೆನ್ನೂರು ಈಗಿರುವ ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ನಿಮ್ಮ ಊರು ಧಾರವಾಡ ಜಿಲ್ಲೆಯಲ್ಲಿತ್ತು, ಬ್ರಿಟಿಷರ ಕಾಲದಲ್ಲಿ ಆ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹಾಗಾಗಿ ನೀವು ಮೈಸೂರು ಸೀಮೆಯ ಅಮಲ್ದಾರ, ದಫೇದಾರರನ್ನು ಹುಡುಕಬೇಡಿ. ನಿಮ್ಮ ಕಾಗದದಲ್ಲಿ ಬರುವವರು ಮಾಮಲೇದಾರ (ತಾಲ್ಲೂಕಿನ ಅಧಿಕಾರಿ), ಫೌಜದಾರ (ಠಾಣೆಯ ಪೊಲೀಸ್ ಅಧಿಕಾರಿ), ಹವಾಲ್ದಾರ. ಪಂಚರು ಎಂಬ ಸಾಕ್ಷಿಗಳ ಮುಂದೆ ಕಳವಾದ ಜಾಗ ನೋಡಿ ಬರೆಯುವ ಕಾಗದವನ್ನು ಮೈಸೂರಿನವರು ಮಹಜರು ಎಂದರೆ ನಿಮ್ಮ ಕಡೆ ಪಂಚನಾಮೆ. ಸುಮ್ನೆ ಹೇಳುತ್ತಿಲ್ಲ. ಯಾವ ಪದ ಹುಡುಕಬೇಕು ಅಂತ ಗೊತ್ತಿಲ್ಲದೆ ವಾರಗಟ್ಟಲೆ ಕಳೆದವರನ್ನು ನೋಡಿದ್ದೇನೆ.

ಕಳವಾದ ಬೆಳಿಗ್ಗೆ ಜನ ನೇರ ಠಾಣೆಗೆ ಓಡುತ್ತಿರಲಿಲ್ಲ. ಊರಲ್ಲೇ ಪೊಲೀಸ್ ಪಾಟೀಲ ಇರುತ್ತಿದ್ದ. 1867ರ ಮುಂಬಯಿಯ ಹಳ್ಳಿ ಪೊಲೀಸ್ ಕಾಯ್ದೆ ಅವನಿಗೆ ಆ ಅಧಿಕಾರ ಕೊಟ್ಟಿತ್ತು. ಕಂದಾಯ ನೋಡುವ ಮುಲ್ಕಿ ಪಾಟೀಲನ ಹುದ್ದೆ ಬೇರೆ, ಆದರೆ ಎಷ್ಟೋ ಊರಲ್ಲಿ ಎರಡೂ ಒಬ್ಬನ ಹತ್ತಿರವೇ ಇರುತ್ತಿದ್ದವು. ಚಾವಡಿಯಲ್ಲಿ ಪಾಟೀಲ ಹೇಳುತ್ತಾನೆ, ಊರಿನ ಲೆಕ್ಕ ಬರೆಯುವ ಕುಲಕರ್ಣಿ ಬರೆಯುತ್ತಾನೆ, ಊರ ಕಾವಲಿನ ತಳವಾರ ಆ ಕಾಗದ ಹಿಡಿದು ಠಾಣೆಗೆ ನಡೆಯುತ್ತಾನೆ. ಠಾಣೆಯಲ್ಲಿ ಅದು ಮೊದಲ ವರ್ದಿ ಆಗುತ್ತದೆ, ಈಗ ನಾವು ಎಫ್‌ಐಆರ್ ಅನ್ನುವುದು. 1898ರ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನ ಪ್ರಕಾರ ಫಿರ್ಯಾದಿ ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಅವನಿಗೇ ಓದಿ ಹೇಳಿ, ರುಜು ಹಾಕಿಸಬೇಕಿತ್ತು. ಓದು ಬರದವನದು ಹೆಬ್ಬೆಟ್ಟು. ಅಂದರೆ ಕಾಗದ ಠಾಣೆಯ ಪುಸ್ತಕಕ್ಕೆ ಹತ್ತುವ ಮುಂಚೆಯೇ ಮಾತು ಮೂರು ಬಾಯಿ, ಎರಡು ಲೇಖನಿ ದಾಟಿ ಬಂದಿರುತ್ತದೆ. ಇದನ್ನು ನೆನಪಿಡಿ.

ಈಗ ಕನ್ನದ ವಿಷಯ. ನನಗೆ ಬಹಳ ಇಷ್ಟವಾದ ಭಾಗ ಇದು.

ಕನ್ನ ಅಂದರೆ ಗೋಡೆಗೆ ತೂತು. ಮಣ್ಣಿನ ಗೋಡೆ, ಒಂದು ಹಾರೆ, ಕತ್ತಲ ರಾತ್ರಿ, ಅಷ್ಟು ಸಾಕು. ಬಾಗಿಲು ಒಡೆದರೆ ಸದ್ದು. ನೀರು ಚಿಮುಕಿಸಿ ಮಣ್ಣು ಕೆರೆದರೆ ನಾಯಿಗೂ ಗೊತ್ತಾಗುವುದಿಲ್ಲ. 1862ರ ಜನವರಿಯಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆ ಬರೆದವರಿಗೂ ಇದು ಗೊತ್ತಿತ್ತು. ಅದರ 445ನೇ ಕಲಂ ಮನೆ ಒಡೆಯುವುದು ಎಂದರೇನು ಎಂದು ವಿವರಿಸುತ್ತಿತ್ತು. ಅಲ್ಲಿ ಕೊಟ್ಟ ಮೊದಲನೇ ಉದಾಹರಣೆಯೇ ಗೋಡೆಗೆ ತೂತು ಕೊರೆದು ಒಳಗೆ ಕೈ ಹಾಕಿದವನದು. ಮೈ ನುಸುಳಬೇಕೆಂದಿಲ್ಲ, ಕೈ ಹೋದರೂ ಸಾಕು!

ಇದರಿಂದ ಶಿಕ್ಷೆಯಲ್ಲಿ ಭಾರಿ ವ್ಯತ್ಯಾಸ ಆಗುತ್ತಿತ್ತು. ಬರೀ ಕಳವಿಗೆ 379ನೇ ಕಲಂ, ಹೆಚ್ಚೆಂದರೆ ಮೂರು ವರ್ಷ. ಮನೆಯೊಳಗಿನ ಕಳವಿಗೆ 380, ಏಳು ವರ್ಷದವರೆಗೆ. ಕಳವಿನ ಉದ್ದೇಶದಿಂದ ರಾತ್ರಿ ಮನೆ ಒಡೆದರೆ 457, ಹದಿನಾಲ್ಕು ವರ್ಷದವರೆಗೆ. ರಾತ್ರಿ ಅಂದರೆ ಹೊತ್ತು ಮುಳುಗಿದಾಗಿನಿಂದ ಹೊತ್ತು ಮೂಡುವವರೆಗೆ, ಅದನ್ನೂ ಕಾಯ್ದೆಯೇ ಹೇಳುತ್ತಿತ್ತು. ಕಳುವಾದದ್ದು ಅದೇ ತಾಮ್ರದ ಕೊಡ. ಅಂಗಳದಿಂದ ಹೋದರೆ ಒಂದು ಲೆಕ್ಕ, ಗೋಡೆಯ ತೂತಿನಿಂದ ಹೋದರೆ ಇನ್ನೊಂದು.

ಅದಕ್ಕೇ ಪಂಚನಾಮೆಯಲ್ಲಿ ಆ ತೂತಿಗೆ ಅಷ್ಟು ಮರ್ಯಾದೆ. ಯಾವ ದಿಕ್ಕಿನ ಗೋಡೆ, ನೆಲದಿಂದ ಎಷ್ಟು ಎತ್ತರ, ಅಗಲ ಎಷ್ಟು ಗೇಣು, ಮಣ್ಣು ಒಳಗೆ ಬಿದ್ದಿದೆಯೋ ಹೊರಗೋ. ಕೊನೆಯದ್ದು ಮುಖ್ಯ. ಮನೆಯವರೇ ಒಳಗಿನಿಂದ ಕೊರೆದು ಕಳವಿನ ನಾಟಕ ಆಡಿದ್ದಾರಾ ಅಂತ ಪಂಚರು ನೋಡುತ್ತಿದ್ದರು. ಸಾಲಗಾರ ಬಾಗಿಲಿಗೆ ಬಂದಾಗ ಬಂಗಾರ ಕಳುವಾಯಿತು ಅನ್ನುವುದು ಹೊಸ ಉಪಾಯವೇನಲ್ಲ.

ಸಾಮಾನಿನ ಪಟ್ಟಿಗೆ ಬರುತ್ತೇನೆ. ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥ ಒಂದು ಪಟ್ಟಿಯ ನಕಲು ಇತ್ತು. ಅಜ್ಜನ ಅಪ್ಪ ಕುಲಕರ್ಣಿಕೆ ಮಾಡುತ್ತಿದ್ದರು, ಅವರದೇ ಕೈಬರಹ. ಮೇಲಿನ ಅರ್ಧ ಗೆದ್ದಲು ತಿಂದು ಊರಿನ ಹೆಸರು, ಇಸವಿ ಎರಡೂ ಹೋಗಿವೆ. ಉಳಿದ ಭಾಗದಲ್ಲಿ ಇದ್ದದ್ದು ಇದು: ಹಿತ್ತಾಳೆ ತಂಬಿಗೆ ಒಂದು, ಬಾಯಿ ಸೊಟ್ಟ. ತಾಮ್ರದ ಕೊಡ ಒಂದು, ತಳಕ್ಕೆ ತೇಪೆ. ಇಳಕಲ್ ಸೀರೆ ಒಂದು, ಸೆರಗು ಹರಿದು ಹೊಲಿದದ್ದು. ಬೆಳ್ಳಿಯ ಉಡದಾರ, ಮಗುವಿನದು. ಜೋಳ, ಅಂದಾಜು. ಎಲ್ಲಕ್ಕೂ ಎದುರಿಗೆ ರೂಪಾಯಿ, ಆಣೆ. ಆ ಹೊಲಿದ ಸೆರಗಿನ ಸಾಲು ಓದಿದಾಗ ಆ ಮನೆಯ ಹೆಂಗಸು ಚಾವಡಿಯ ಕಟ್ಟೆಯ ಕೆಳಗೆ ನಿಂತು ಹೇಳುತ್ತಿದ್ದಾಳೆ ಅನ್ನಿಸಿತು. ಗಂಡಸರಿಗೆ ಸೆರಗಿನ ಹೊಲಿಗೆ ಎಲ್ಲಿ ನೆನಪಿರುತ್ತದೆ?

ಇಷ್ಟು ವಿವರ ಯಾಕೆ ಅಂದರೆ, ತಂಬಿಗೆ ಎಲ್ಲರ ಮನೆಯಲ್ಲೂ ಒಂದೇ ಥರ. ನಾಳೆ ಮಾಲು ಸಿಕ್ಕರೆ ಮ್ಯಾಜಿಸ್ಟ್ರೇಟರ ಮುಂದೆ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ಸಾಮಾನು, ನೋಡಿ ‘ಇದು ನಮ್ಮದೇ’ ಅಂತ ಗುರುತು ಹಿಡಿಯಬೇಕು. ಸೊಟ್ಟ ಬಾಯಿ, ತೇಪೆ, ಕೊರೆಸಿದ ಹೆಸರು, ಇವೇ ಸಾಕ್ಷಿ. ಪಾತ್ರೆಗೆ ಹೆಸರು ಹಾಕಿಸುವ ರೂಢಿ ಬರೀ ಮದುವೆಯ ಉಡುಗೊರೆಯದ್ದಲ್ಲ, ಅದಕ್ಕೆ ಈ ಉಪಯೋಗವೂ ಇತ್ತು. ಎತ್ತು ಕಳುವಾದರೆ ಬಣ್ಣ, ಕೊಂಬಿನ ತಿರುವು, ಬರೆಯ ಗುರುತು, ಸುಳಿ ಎಲ್ಲಿದೆ ಅನ್ನುವುದು. ಮಗನ ಮುಖದ ಮಚ್ಚೆ ಮರೆತರೂ ಎತ್ತಿನ ಸುಳಿ ಮರೆಯದ ಜನ ಅವರು. ಬಂಗಾರದ್ದು ಮಾತ್ರ ಕಷ್ಟ. ಕುಲುಮೆಯಲ್ಲಿ ಕರಗಿ ಗಟ್ಟಿಯಾದ ಮೇಲೆ ಅದು ಯಾರ ಮನೆಯದ್ದೂ ಅಲ್ಲ.

ಹಾಗಂತ ಪಟ್ಟಿ ಪೂರ್ತಿ ಸತ್ಯ ಅಂತಲ್ಲ. ಬೆಲೆ ಜಾಸ್ತಿ ಹೇಳುವವರಿದ್ದರು. ಮನೆಯಲ್ಲಿ ಎಷ್ಟು ಬಂಗಾರ ಇತ್ತು ಎಂದು ಊರಿಗೆ ಗೊತ್ತಾಗಬಾರದೆಂದು ಕಡಿಮೆ ಹೇಳುವವರೂ ಇದ್ದರು. ಅದಕ್ಕೇ ಮುಕ್ಕಾಲು ಪಾಲು ಅಂದೆ.

ಇನ್ನು ಕಳ್ಳನ ಹೆಸರು. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹಳೆಯ ಕಡತವೊಂದನ್ನು ಓದಿ ‘ಕಳ್ಳ ತಾನೇ ಒಪ್ಪಿಕೊಂಡಿದ್ದಾನೆ ನೋಡ್ರಿ’ ಎಂದು ಗೆಳೆಯರ ಮುಂದೆ ರಸವತ್ತಾಗಿ ಹೇಳಿದ್ದೆ. ಅಲ್ಲಿದ್ದ ಹಿರಿಯ ವಕೀಲರು ನಕ್ಕರು. ‘ಆರೋಪಿತನು ತನ್ನ ಖುಷಿಯಿಂದ ಮುಂದೆ ಹೋಗಿ ಹುಣಸೆ ಮರದ ಬುಡದಲ್ಲಿ ಹೂತಿಟ್ಟದ್ದನ್ನು ತೋರಿಸಿಕೊಟ್ಟನು ಅಂತ ಬರೆದಿದೆಯಾ?’ ಎಂದು ಕೇಳಿದರು. ಅಕ್ಷರಶಃ ಹಾಗೇ ಇತ್ತು. ಮರ ಮಾತ್ರ ಬೇವಿನದು.

ಅದರ ಒಳಗುಟ್ಟು ಹೀಗಿದೆ. 1855ರಲ್ಲಿ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯ ಬಗ್ಗೆ ಒಂದು ಆಯೋಗ ವರದಿ ಕೊಟ್ಟಿತು. ಆಗ ಬಳ್ಳಾರಿ, ಕೆನರಾ ಜಿಲ್ಲೆಗಳು ಆ ಪ್ರಾಂತದಲ್ಲೇ ಇದ್ದವು. ಕಂದಾಯ ವಸೂಲಿಗೂ ಕಳವು ಒಪ್ಪಿಸುವುದಕ್ಕೂ ಜನರಿಗೆ ಹಿಂಸೆ ಕೊಡುತ್ತಿದ್ದುದು ನಿಜ ಎಂದು ಅದು ಒಪ್ಪಿಕೊಂಡಿತು. ಮುಂದೆ 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯುವುದಿಲ್ಲ ಎಂದಿತು. ಒಳ್ಳೆಯದೇ ಆಯಿತು ಅಲ್ವಾ? ಆದರೆ 27ನೇ ಕಲಂ ಒಂದು ಕಿಂಡಿ ಬಿಟ್ಟಿತು. ಆರೋಪಿ ಹೇಳಿದ ಮಾತಿನಿಂದ ಮಾಲು ಪತ್ತೆಯಾದರೆ, ಅಷ್ಟು ಮಾತು ನಡೆಯುತ್ತಿತ್ತು. ಕಳ್ಳರು ಗೋಡೆಗೆ ಕನ್ನ ಕೊರೆದರೆ ಪೊಲೀಸರು ಕಾಯ್ದೆಗೆ ಕೊರೆದರು ಅನ್ನಿ. ಆಮೇಲಿನ ಕಾಗದಗಳಲ್ಲಿ ಎಲ್ಲಾ ಆರೋಪಿಗಳೂ ಖುಷಿಯಿಂದಲೇ ಮುಂದೆ ನಡೆಯುತ್ತಾರೆ, ಖುಷಿಯಿಂದಲೇ ಅಗೆದು ಕೊಡುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತೇವೆ. ಲಾಠಿ ಮುಂದಿದ್ದರೆ ಕದಿಯದವನೂ ಹೆಗಲು ಮುಟ್ಟಿಕೊಳ್ಳುತ್ತಾನೆ.

ಎರಡನೆಯ ಕಾರಣ ಇನ್ನೂ ಕೆಟ್ಟದ್ದು. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತಕ್ಕೆ ಇತ್ತು, 1911ರಲ್ಲಿ ಅದನ್ನು ತಿದ್ದಿ ದೇಶಕ್ಕೆಲ್ಲ ಹಬ್ಬಿಸಿದರು. ಇಡೀ ಜಾತಿಗೆ ಜಾತಿಯನ್ನೇ ಹುಟ್ಟುಗಳ್ಳರು ಎಂದು ಪಟ್ಟಿ ಮಾಡುವುದು, ಬೆರಳಚ್ಚು ತೆಗೆಯುವುದು, ಹಾಜರಿ ಕೊಡಿಸುವುದು. ನಿಮ್ಮ ಮುತ್ತಜ್ಜನ ಮನೆಗೆ ಕನ್ನ ಬಿದ್ದದ್ದು ಇದು ಜೋರಾಗಿದ್ದ ಕಾಲದಲ್ಲೇ. ಹುಬ್ಬಳ್ಳಿ, ಗದಗಿನಲ್ಲಿ ಈಗಲೂ ‘ಸೆಟ್ಲಮೆಂಟ್’ ಅನ್ನುವ ಬಡಾವಣೆಗಳಿವೆ ನೋಡಿ, ಅವು ಈ ಜನರನ್ನು ತಂತಿ ಬೇಲಿಯೊಳಗೆ ಇಟ್ಟ ಜಾಗಗಳು. ಕೊರವರನ್ನೇ ತೆಗೆದುಕೊಳ್ಳಿ. ಅವರಲ್ಲಿ ಎಷ್ಟೋ ಜನ ಹೇರೆತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮಾರುತ್ತಿದ್ದವರು. ಸರಕಾರದ ಉಪ್ಪಿನ ನೀತಿ ಬಂತು, ರೈಲು ಬಂತು, ಆ ವ್ಯಾಪಾರ ಕುಸಿಯಿತು. ಅಲೆಯುವುದು ಮಾತ್ರ ಉಳಿಯಿತು. ಅಲೆಯುವವನು ಕಳ್ಳ ಎಂದು ಸರಕಾರ ಬರೆಯಿತು. ಈ ಕಾಯ್ದೆ ದೇಶದಲ್ಲಿ ಪೂರ್ತಿ ರದ್ದಾದದ್ದು 1952ರ ಆಗಸ್ಟ್ 31ರಂದು. ಹಾಗಾಗಿ ನಿಮ್ಮ ಕಡತದಲ್ಲಿ ಆರೋಪಿಯ ಹೆಸರಿನ ಮುಂದೆ ಜಾತಿ ಬರೆದಿದ್ದರೆ, ಮತ್ತು ಅವನನ್ನು ಹಿಡಿಯಲು ಬೇರೆ ಕಾರಣ ಏನೂ ಕಾಣದಿದ್ದರೆ, ಆ ಹೆಸರನ್ನು ಮನೆಯ ಕಥೆಯಲ್ಲಿ ಮುಂದುವರಿಸಬೇಡಿ.

ಬೆರಳಚ್ಚಿನಿಂದ ಕಳ್ಳನನ್ನು ಹಿಡಿಯುತ್ತಿರಲಿಲ್ಲವಾ ಎಂದು ಕೇಳಬಹುದು. ಕಲ್ಕತ್ತಾದಲ್ಲಿ 1897ರಲ್ಲೇ ಬೆರಳಚ್ಚು ಕಚೇರಿ ಶುರುವಾಗಿತ್ತು. ಜಲಪೈಗುಡಿಯ ಚಹಾ ತೋಟದ ಮ್ಯಾನೇಜರನ ಕೊಲೆಯಲ್ಲಿ ಅಚ್ಚು ಸಿಕ್ಕು, ಕೋರ್ಟು ಆರೋಪಿಗೆ ಕಳವಿನ ಶಿಕ್ಷೆ ಕೊಟ್ಟು ಕೊಲೆಯ ಆರೋಪದಿಂದ ಬಿಟ್ಟಿತು. ಆದರೆ ನಮ್ಮ ಹಳ್ಳಿಗಳ ಮಣ್ಣಿನ ಗೋಡೆಯ ಮೇಲೆ ಯಾವ ಅಚ್ಚು ಹುಡುಕುತ್ತೀರಿ? ನಾನು ನೋಡಿದ ಕಡತಗಳಲ್ಲಿ ಬೆರಳು ಕಂಡದ್ದು ರುಜುವಿನ ಜಾಗದಲ್ಲಿ ಮಾತ್ರ.

ಇನ್ನೊಂದು ಮಾತು. ವರದಿ ಆಗದ ಕಳವೇ ಎಷ್ಟೋ. ಫೌಜದಾರ ಊರಿಗೆ ಬಂದರೆ ಅವನ ಊಟ, ಕುದುರೆಯ ಹುಲ್ಲು, ಜೊತೆಗೆ ಬಂದವರ ಖರ್ಚು. ಆಮೇಲೆ ಸಾಕ್ಷಿ ಹೇಳಲು ತಾಲ್ಲೂಕಿಗೆ ಅಲೆದಾಟ, ಅದೂ ಬಿತ್ತನೆಯ ಹೊತ್ತಿಗೇ. ಹೋದದ್ದು ಹೋಯಿತು ಎಂದು ಸುಮ್ಮನಾಗುತ್ತಿದ್ದರು. ಠಾಣೆಯವರಿಗೂ ಅದೇ ಬೇಕು. ಬರೆದರೆ ಪತ್ತೆಯಾಗದ ಕೇಸು ಜಾಸ್ತಿಯಾಗುತ್ತದೆ. 1902-03ರ ಪೊಲೀಸ್ ಆಯೋಗ ಪೊಲೀಸರ ಲಂಚ, ದಬ್ಬಾಳಿಕೆಯ ಜೊತೆಗೆ ಈ ಮುಚ್ಚಿಹಾಕುವ ಚಾಳಿಯನ್ನೂ ಬೈದು ಬರೆದಿದೆ. ನಿಮ್ಮ ಮುತ್ತಜ್ಜ ವರ್ದಿ ಕೊಟ್ಟಿದ್ದರೆ, ಒಂದೋ ಹೋದದ್ದು ದೊಡ್ಡ ಮಾಲು, ಇಲ್ಲಾ ಪಾಟೀಲರ ಮನೆಯವರಿಗೆ ಅವರು ಬೇಕಾದವರು.

ಇಸವಿಯನ್ನೂ ಸ್ವಲ್ಪ ನೋಡಿ. 1918ರಲ್ಲಿ ಮಳೆ ಕೈಕೊಟ್ಟಿತ್ತು, ಇನ್‌ಫ್ಲುಯೆಂಜಾ ಮನೆ ಮನೆ ಬರಿದು ಮಾಡಿತ್ತು, ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಅಂಥ ವರ್ಷ ಬಂಗಾರಕ್ಕಿಂತ ಹಗೇವಿನ (ನೆಲದೊಳಗಿನ ಕಣಜದ) ಜೋಳಕ್ಕೆ ಕಣ್ಣು ಬೀಳುತ್ತದೆ. ಆದರೆ ಸರಕಾರಿ ಪಟ್ಟಿಯಲ್ಲಿ ಹಸಿವು ಅನ್ನುವ ಕಾಲಂ ಇರಲಿಲ್ಲ. ಐದು ಜನ ಸೇರಿ ಬಲವಂತದಿಂದ ಎರಡು ಚೀಲ ಜೋಳ ಹೊತ್ತರೂ 391ನೇ ಕಲಂ ಪ್ರಕಾರ ಅದು ದರೋಡೆ. ನಾಲ್ಕು ಜನ ಆದರೆ ಅಲ್ಲ.

ಕಾಗದ ಸಿಗುತ್ತದಾ? ಠಾಣೆಯ ಮೂಲ ಪುಸ್ತಕಕ್ಕೆ ಆಸೆ ಇಡಬೇಡಿ. ಅವಧಿ ಮುಗಿದ ಕಾಗದಗಳನ್ನು ನಿಯಮದ ಪ್ರಕಾರವೇ ನಾಶ ಮಾಡುತ್ತಿದ್ದರು. ಪತ್ತೆಯಾಗದ ಕಳವಾದರಂತೂ ಉಳಿದಿರುವುದು ಅಪರೂಪ. ಯಾರಿಗಾದರೂ ಶಿಕ್ಷೆಯಾಗಿ ಅಪೀಲು ಹೋಗಿದ್ದರೆ ಮಾತ್ರ ದಾರಿ ಇದೆ. ಧಾರವಾಡದ ಜಿಲ್ಲಾ ಕೋರ್ಟಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ. ಮುಂಬಯಿ ಸರಕಾರದ ಕಡತಗಳು ಮುಂಬೈಯಲ್ಲಿರುವ ಮಹಾರಾಷ್ಟ್ರದ ಪತ್ರಾಗಾರದಲ್ಲಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಜಾಸ್ತಿ ಇರುವುದು ಮೈಸೂರಿನದು. ಪೊಲೀಸ್ ಆಡಳಿತದ ವರ್ಷಾವಧಿ ವರದಿಗಳು ಅಚ್ಚಾಗಿವೆ, ಆದರೆ ಅವುಗಳಲ್ಲಿ ಜಿಲ್ಲೆಯ ಲೆಕ್ಕ ಸಿಗುತ್ತದೆ, ನಿಮ್ಮ ಮನೆ ಸಿಗುವುದಿಲ್ಲ. ಕುಲಕರ್ಣಿಯ ಮನೆತನದವರು ಊರಲ್ಲಿ ಇನ್ನೂ ಇದ್ದರೆ ಮೊದಲು ಅಲ್ಲಿಗೇ ಹೋಗಿ. ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇದ್ದರೆ ಗಾಬರಿ ಬೇಡ, ಓದುವವರು ಧಾರವಾಡದಲ್ಲಿ ಸಿಗುತ್ತಾರೆ.

ಅದಕ್ಕೂ ಮುಂಚೆ ಅಜ್ಜಿಯ ಹತ್ತಿರ ಕೂತು ಏನೇನು ಹೋಯಿತು ಎಂದು ಒಂದೊಂದಾಗಿ ಬರೆದುಕೊಳ್ಳಿ. ಪಾತ್ರೆಯ ಮೇಲೆ ಹೆಸರು ಇತ್ತಾ, ಯಾರ ಹೆಸರು, ಗೋಡೆ ಯಾವ ದಿಕ್ಕಿನದು, ಎಲ್ಲ ಕೇಳಿ. ಕಡತ ಸಿಕ್ಕ ದಿನ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಬಹುದು.